ಗವಿಯಾಚೆಯ ಕೊಳ

ರೀ,

ಟ್ಯಾಕ್ಸಿ ಬಂತು, ಎಬ್ಬಿಸೋಕೆ ಮನಸ್ಸಾಗಲಿಲ್ಲ. ಹುಳಿ ಫ್ರಿಜ್ಜಲ್ಲಿದೆ. ಮೊಸರು ಪೂರ್ತಿ ತಿಂದುಬಿಡಬೇಡಿ, ಹೆಪ್ಪಿಗೆ ಒಂದು ಚಮಚ ಉಳಿಸಿ. ಹೋದ ಸಲ ಹೆಪ್ಪಿಗೋಸ್ಕರ ಅಷ್ಟು ದೂರ ಬ್ಲೇರ್ ಅಥಾಲ್‌ನ ಇಂಡಿಯನ್ ಅಂಗಡಿಗೆ ಹೋಗಿ ಬಂದೆ.

ಗ್ಲೆನೆಲ್ಗ್ ಬೀಚಿನ ಜೆಟ್ಟಿ ಮೇಲೂ, ಕೆಳಗೆ ಸಮುದ್ರ ಅಂತ ಕಂಬಿ ಹತ್ರ ಬರದೆ ಮಧ್ಯದಲ್ಲೇ ನಡೆಯೋರು ನೀವು. ವಿಯೆಟ್ನಾಂಗೆ ಬಂದು ಒಂದು ರಾತ್ರಿ ಹಡಗಲ್ಲಿ ಮಲಗ್ತೀರಾ ಅಂತ ಮತ್ತೆ ಕೇಳಲಿಲ್ಲ. ಮಗಳು ಕವನಾ ಜೊತೆಗಿದ್ದಾಳೆ.

ಹಾ ಲಾಂಗ್ ಕೊಲ್ಲೀಲಿ ಸುಣ್ಣಕಲ್ಲಿನ ಗುಡ್ಡದೊಳಗೆ ಗವಿ ಇದೆಯಂತೆ. ಸಣ್ಣ ದೋಣೀಲಿ ತಲೆ ಬಗ್ಗಿಸಿ ದಾಟಿದ್ರೆ ಆಚೆ ಕೊಳ, ಮೇಲೆ ಬರೀ ಆಕಾಶವಂತೆ. ಅಲ್ಲಿ ಕೂಗಿದ್ರೆ ಎಷ್ಟು ಸಲ ಮಾರ್ದನಿ ಬರುತ್ತೋ, ನೋಡ್ಬೇಕು.

ಮುಳುಗಿಹೋಗ್ತೀನಿ ಅಂತ ಗಂಟೆಗೊಂದು ಫೋನ್ ಮಾಡಬೇಡಿ. ಪ್ರತಿ ಗುರುವಾರ ಹಿತ್ತಲ ತಂತಿ ಮೇಲೆ ಒಣಗೋ ಸ್ವಿಮ್ಮಿಂಗ್ ಡ್ರೆಸ್ ಕವನಾದು ಅಂದ್ಕೊಂಡಿದ್ರಲ್ಲ, ಅದು ನಂದು.

ಸುಭದ್ರಾ