ಉಸಿರು ಎಳೆದುಕೊಂಡದ್ದರ ಲಾಭ

ಮನೆ ಮಾಲೀಕರಿಗೆ ನಮಸ್ಕಾರ.

ಮಗುವಿನ ಕೆಮ್ಮು ನಿಲ್ಲುತ್ತಿಲ್ಲ, ನನಗೆ ನಿದ್ದೆಯಿಲ್ಲ ಎಂದು ಮೊನ್ನೆ ನಿಮ್ಮ ಬಾಗಿಲಿಗೆ ಬಂದಾಗ ನೀವು ನಗುತ್ತಾ, "ನಿಂಗೆ ಗಾಬರಿ ಜಾಸ್ತಿ ಕಣಮ್ಮ. ಕಣ್ಮುಚ್ಚಿ ನಿಧಾನಕ್ಕೆ ಉಸಿರು ಎಳ್ಕೋ, ಎಲ್ಲಾ ಸರಿಹೋಗುತ್ತೆ" ಅಂದಿರಿ. ನಮ್ಮ ಯಜಮಾನರೂ ಹೂಂಗುಟ್ಟಿದರು. ಓದಿದವಳು ಹಟ ಮಾಡಬಾರದೆಂದು ತೊಟ್ಟಿಲ ಪಕ್ಕ ಕೂತು ಹಾಗೆಯೇ ಮಾಡಿದೆ.

ಲಾಭವಾಯಿತು. ಎದೆಬಡಿತ ಇಳಿಯಿತು, ಮನಸ್ಸು ತಿಳಿಯಾಯಿತು. ಆಗ ಮೂಗಿಗೆ ವಾರ್ನಿಷ್ ವಾಸನೆ ಬಡಿಯಿತು. ಇಷ್ಟು ದಿನ ಅದಕ್ಕೆ ಒಗ್ಗಿಹೋಗಿದ್ದೆ. ಕೆಳಗಿನ ಗೋದಾಮಿನಲ್ಲಿ ನೀವು ಕುರ್ಚಿಗಳಿಗೆ ಪಾಲಿಶ್ ಹೊಡೆಸುತ್ತೀರಲ್ಲ, ಅದರ ಘಾಟು ಪೈಪಿನ ಸಂದಿಯಿಂದ ನೇರ ತೊಟ್ಟಿಲಡಿಗೆ ಏರುತ್ತಿದೆ. ತೊಟ್ಟಿಲಿರುವ ಕೋಣೆಯ ಒಂದೇ ಕಿಟಕಿಗೆ ನಿಮ್ಮ ಅಂಗಡಿಯ ಬೋರ್ಡು ಅಡ್ಡ ಜಡಿಸಿದ್ದೀರಿ.

ದಯವಿಟ್ಟು ಇವತ್ತೇ ಸಂದಿಗೆ ಸಿಮೆಂಟ್ ಹಾಕಿಸಿ, ಬೋರ್ಡು ತೆಗೆಸಿ. ಅಲ್ಲಿಯವರೆಗೆ ಮಗುವನ್ನು ನಿಮ್ಮ ನಡುಮನೆಯಲ್ಲಿ ಮಲಗಿಸುತ್ತೇನೆ. ಹಾಸಿಗೆ ನಾನೇ ತರುತ್ತೇನೆ, ನಿಮಗೆ ತೊಂದರೆ ಬೇಡ.

ನೀವು ಹೇಳಿಕೊಟ್ಟದ್ದನ್ನು ನಾನು ಕಲಿತೆ. ಮಗಳಿಗಿನ್ನೂ ಏಳು ತಿಂಗಳು, ಹೇಳಿದರೆ ತಿಳಿಯುವುದಿಲ್ಲ. ನೀವು ಕೊಟ್ಟ ಗಾಳಿಯನ್ನೇ ಎಳೆದುಕೊಳ್ಳುತ್ತಾಳೆ.

ಇಂತಿ,
ಗಾಬರಿ ಜಾಸ್ತಿ ಇರುವ
ಮಹಡಿ ಮನೆಯವಳು