ಹತ್ತು ಎಂದದ್ದು ನಾನೇ

ಮಗರಪಟ್ಟಾ, ಪುಣೆ
೧೮ ಆಗಸ್ಟ್ ೨೦೨೫

ಪ್ರೀತಿಯ ತಮ್ಮಯ್ಯನಿಗೆ,

ನಿನ್ನ ಹುಸೇನಪ್ಪನ ನಮಸ್ಕಾರ. ನಿನ್ನ ಕಾಗದ ಬಂದದ್ದು ಏಪ್ರಿಲ್‌ನಲ್ಲಿ, ನಾನು ಉತ್ತರಕ್ಕೆ ಕೂತದ್ದು ಆಗಸ್ಟಿನಲ್ಲಿ. ಬೈದುಬಿಡು. ಮಳೆ, ಡ್ಯೂಟಿ, ಮೊಣಕಾಲು ನೋವು ಎಂದು ಮೂರು ನೆಪ ಬರೆದು ಆ ಹಾಳೆಯನ್ನು ಹರಿದು ಹಾಕಿದೆ. ನೆಪ ಏನಿಲ್ಲ ಮಾರಾಯ, ಹೆದರಿಕೆ ಇತ್ತು, ಅಷ್ಟೆ.

ಅಂಬಾಬಾಯಿಗೂ ಸಾಕಾಗಿಹೋಗಿತ್ತು. "ಏನ್ರೀ, ನಾಕ ತಿಂಗಳಿಂದ ಅದೇ ಕಾಗದ ಕಿಸೆದಾಗ ಇಟ್ಕೊಂಡು ಅಡ್ಡಾಡ್ಲಿಕ್ಕತ್ತೀರಿ. ಅಂಗಿ ಜೋಡಿ ಎರಡ ಸಲ ಒಗದೀನಿ. ಇನ್ನೊಮ್ಮೆ ಒಗದ್ರ ಅಕ್ಷರ ಎಲ್ಲಾ ಹೋಗ್ತಾವ ನೋಡ್ರಿ" ಎಂದಳು. ಹೋದರೇನು, ನನಗೆ ಬಾಯಿಪಾಠ ಆಗಿದೆ. ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಕರ್ತವ್ಯದಲ್ಲಿ ಬೇಜವಾಬ್ದಾರಿ' ಎಂದು ಬರೆದಿದ್ದಾರೆ. ಅದನ್ನು ಓದಿದ ಯಾವ ಶಾಲೆಯವರೂ ವ್ಯಾನಿನ ಕೀಲಿ ನಿನ್ನ ಕೈಗೆ ಕೊಡುತ್ತಿಲ್ಲ. ಇಷ್ಟು ವರ್ಷದ ಮೇಲೆ ಮರುವಿಚಾರಣೆಗೆ ಒಪ್ಪಿದ್ದಾರೆ, ಸೆಪ್ಟೆಂಬರಿನಲ್ಲಿ ತಾರೀಕು. "ಆವತ್ತು ನಾವು ಕನ್ನಡದಲ್ಲಿ ಮಾತಾಡಿದ್ವಿ ಅಂತ ಅಷ್ಟು ಬರ್ಕೊಡು ಸಾಕು ಕಣೋ ಹುಸೇನಿ. ನಿನ್ ಮೇಲೆ ನಂಗೇನೂ ಇಲ್ಲ. ಗೊತ್ತಾದ ತಕ್ಷಣ ಫೋನ್ ತಿರುಗ್ಸಿ ಕೂಗ್ದೋನು ನೀನೇ ತಾನೆ" ಎಂದು ಬರೆದಿದ್ದೀಯ. ನಿನ್ನ ಒಳ್ಳೆಯತನಕ್ಕೆ ಏನು ಹೇಳಲಿ? ಸಿಟ್ಟು ಮಾಡಿದ್ದರೆ ಮರುದಿನವೇ ಬರೆಯುತ್ತಿದ್ದೆನೇನೋ.

ಇಲ್ಲಿ ನನ್ನ ಕೆಲಸ ಕೇಳಿದರೆ ನಗುತ್ತೀಯ. ಇಪ್ಪತ್ತೆರಡು ಮಹಡಿಯ ಕಟ್ಟಡಕ್ಕೆ ಸೆಕ್ಯುರಿಟಿ ಸೂಪರ್‌ವೈಸರ್. ನೆಲದಡಿಯ ಪಾರ್ಕಿಂಗ್‌ಗೆ ಎರಡು ಇಳಿಜಾರು, ಅದರಲ್ಲಿ ಒಂದು ದುರಸ್ತಿಯಲ್ಲಿದೆ. ಉಳಿದದ್ದರಲ್ಲಿ ಒಂದು ಸಲಕ್ಕೆ ಒಂದೇ ಕಾರು. ಮೇಲೆ ನಾನು, ಕೆಳಗೆ ನಮ್ಮ ಚಿಂಚೋಳಿ ಕಡೆಯ ದೇವಾನಂದ, ಇಬ್ಬರ ಕೈಯಲ್ಲೂ ವಾಕಿಟಾಕಿ. ಬೆಟ್ಟ ಬಿಟ್ಟು ಬಂದರೂ ಒಂದೇ ಗಾಡಿ ಹಿಡಿಯುವ ದಾರಿ ನನ್ನನ್ನು ಬಿಟ್ಟಿಲ್ಲ ನೋಡು.

ಹೋದ ಸೋಮವಾರ ಬೆಳಿಗ್ಗೆ ಕೆಳಗಿನಿಂದ ದೇವಾನಂದ, "ಕಾಕಾ, ಇನ್ನಾ ಎಷ್ಟ ಗಾಡಿ ಅದಾವ್ರಿ ಇಳಿಯೂವು?" ಎಂದು ಕೇಳಿದ. ನಾನು ಎಣಿಸಿ, "ಹತ್ತು" ಎಂದೆ. ಕೆಳಗಿನಿಂದ ಮೇಲೆ ಬರಲು ಕಾಯುತ್ತಿದ್ದವನು ಅಶ್ವಿನ್, ಬೆಂಗಳೂರಿನ ಹುಡುಗ, ಎಂಟನೇ ಮಹಡಿ. ಅವನು ಕಿಟಕಿ ಇಳಿಸಿ, "ಏನಂತೆ ಬ್ರದರ್?" ಎಂದ. ದೇವಾನಂದ, "ಹತ್ತು ಅಂತ್ರಿ ಸರ್" ಎಂದ. ಅಶ್ವಿನ್ ಗೇರು ಹಾಕಿ ಹತ್ತಿಯೇಬಿಟ್ಟ! ತಿರುವಿನಲ್ಲಿ ಇಳಿಯುತ್ತಿದ್ದ ಕಾರಿಗೆ ಮುಖ ಕೊಟ್ಟು, ಎರಡು ದೀಪ ಪುಡಿಪುಡಿ. ಯಾರಿಗೂ ಏನೂ ಆಗಲಿಲ್ಲ.

ಆದರೆ ಮ್ಯಾನೇಜರ್ ಬಂದು ಮರಾಠಿಯಲ್ಲಿ ಕೂಗಾಡಿದ, ದೇವಾನಂದನಿಗೆ ನಾಳೆಯಿಂದ ಬರಬೇಡ ಎಂದ. ದೇವಾನಂದ ನನ್ನ ಮುಖವನ್ನೇ ನೋಡುತ್ತಿದ್ದ. 'ಹತ್ತು ಎಂದದ್ದು ನಾನು' ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ ತಮ್ಮಯ್ಯ. ಹತ್ತೊಂಬತ್ತು ವರ್ಷದ ಹಿಂದೆ ಏಳದ ನಾಲಿಗೆ ಅಂದೂ ಏಳಲಿಲ್ಲ. ಅಷ್ಟರಲ್ಲಿ ಆ ಅಶ್ವಿನ್ ಹಣೆ ಹಣೆ ಬಡಿದುಕೊಂಡು ನಗುತ್ತ, "ಅಯ್ಯೋ ಸರ್, ಮಿಸ್ಟೇಕ್ ನಂದೇ! ಅವ್ರು ಟೆನ್ ಅಂದಿದ್ದು, ನಾನು ಮೇಲಕ್ಕೆ ಹತ್ತು ಅನ್ಕೊಂಡೆ" ಎಂದುಬಿಟ್ಟ. ಒಂದೇ ಉಸಿರಿನಲ್ಲಿ! ದೇವಾನಂದನ ಕೆಲಸ ಉಳಿಯಿತು. ನಾನು ಪಂಪ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮರುದಿನ ರಜೆ ಹಾಕಿ ಯೆರವಡಾದ ನೋಟರಿಯ ಹತ್ತಿರ ಹೋದೆ. ನನ್ನ ಹೇಳಿಕೆಯನ್ನು ಮಗಳು ಆರತಿ ಟೈಪ್ ಮಾಡಿದಳು. ಅವಳಿಗೆ ಮೊದಲಿನಿಂದ ಹೇಳಬೇಕಾಯಿತು, ಹಾಗೆಯೇ ನಿನಗೂ ಹೇಳುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಕೈಯಿಂದ ಓದು.

ಅದು ಸೆಪ್ಟೆಂಬರ್. ಹಿಮ ಬಿದ್ದು ದಾರಿ ಮುಚ್ಚುವ ಮುಂಚೆ ಆರು ತಿಂಗಳ ಸೀಮೆಎಣ್ಣೆ, ಅಕ್ಕಿ, ಬೇಳೆ ಎಲ್ಲ ಮೇಲಿನ ಠಾಣೆಗಳಿಗೆ ಸೇರಬೇಕು. ಒಂಬತ್ತು ಕಿಲೋಮೀಟರ್ ದಾರಿಯಲ್ಲಿ ಒಂದು ಲಾರಿಗಷ್ಟೇ ಜಾಗ. ಮೇಲಿನ ಗೇಟಿನಲ್ಲಿ ನಾನು, ಕೆಳಗಿನ ಗೇಟಿನಲ್ಲಿ ನೀನು. ಖಾಲಿ ಲಾರಿಗಳೆಲ್ಲ ಇಳಿದು ಮುಗಿದ ಮೇಲೆಯೇ ತುಂಬಿದ ಲಾರಿಗಳನ್ನು ನೀನು ಬಿಡಬೇಕು. ಫೋನಿನಲ್ಲಿ ಹಿಂದಿ ಮಾತ್ರ ಎಂದು ಕಟ್ಟಪ್ಪಣೆ. ನಾವು ಕೇಳಬೇಕಲ್ಲ! ಆ ಚಳಿಯಲ್ಲಿ ಕನ್ನಡ ಮಾತಾಡಿದರೆ ಬಾಯಿ ಬೆಚ್ಚಗಾಗುತ್ತದೆ ಎನ್ನುತ್ತಿದ್ದವನು ನೀನೇ.

ಆ ದಿನ ಮೂವತ್ತು ಲಾರಿ ಇಳಿದಿದ್ದವು. ಮಣ್ಣು ಕುಸಿದು ತಡವಾದ ಹತ್ತು ಇನ್ನೂ ದಾರಿಯಲ್ಲಿದ್ದವು. ನೀನು ಫೋನ್ ಮಾಡಿ, "ಮುಗೀತೇನೋ?" ಎಂದು ಕೇಳಿದೆ. ಹುಚ್ಚು ಗಾಳಿ. ನಾನು, "ಹತ್ತು!" ಎಂದೆ. ನೀನು, "ಹತ್ಲಾ?" ಎಂದೆ. ನಾನು, "ಹ್ಞೂಂ, ಹತ್ತು" ಎಂದು ಇಟ್ಟೆ. ನಮ್ಮ ಕಡೆ ಗುಡ್ಡ ಏರುತ್ತಾರೆ, ನಿಮ್ಮ ಕಡೆ ಹತ್ತುತ್ತಾರೆ. ನನ್ನ ಲೆಕ್ಕದಲ್ಲಿ ಅದು ಬರೀ ಒಂದು ಅಂಕಿ. ಆಮೇಲೆ ನಾನು ಫೋನ್ ಮಾಡಿ ಕೂಗುವಷ್ಟರಲ್ಲಿ ಸೀಮೆಎಣ್ಣೆಯ ಮೊದಲ ಲಾರಿ ಓಡಿಸಿಕೊಂಡು ನಮ್ಮ ಡ್ರೈವರ್ ಅವಧೂತ ಹೊರಟುಹೋಗಿದ್ದ. ಏಳನೆಯ ತಿರುವಿನಲ್ಲಿ ಎದುರು ಲಾರಿ ಬಂತು. ತುಂಬಿದ ಲಾರಿಯನ್ನು ಹಿಂದಕ್ಕೆ ತೆಗೆಯಲು ಹೋದ, ಅಂಚು ಕುಸಿಯಿತು. ಇಪ್ಪತ್ತಾರು ವರ್ಷ ಅವನಿಗೆ.

ವಿಚಾರಣೆಯಲ್ಲಿ ನನ್ನನ್ನು ಕೇಳಿದಾಗ, "ದಸ್ ಗಾಡಿ ಬಾಕಿ ಎಂದು ಹೇಳಿದೆ ಸಾಹೇಬ್" ಎಂದೆ. ಅರ್ಥ ನಿಜ, ಮಾತು ಸುಳ್ಳು. ಹಿಂದಿಯಲ್ಲಿ 'ದಸ್' ಅಂದರೆ ಯಾರಿಗೂ ಗೊಂದಲವಾಗುವುದಿಲ್ಲ. ನಾನು ಅದೊಂದು ಮಾತನ್ನು ಹಿಂದಿ ಮಾಡಿದ ಕೂಡಲೇ ನೀನು ಬೇಜವಾಬ್ದಾರನಾದೆ. ನೀನಾದರೂ ಹೇಳಬಹುದಿತ್ತು. "ಕೇಳಿಸಿಕೊಳ್ಳುವುದರಲ್ಲಿ ತಪ್ಪಾಯಿತು" ಎಂದು ತಲೆ ತಗ್ಗಿಸಿದೆ, ನನ್ನನ್ನೂ ಎಳೆಯಬಾರದು ಎಂದು. ನಿನ್ನನ್ನು ಮನೆಗೆ ಕಳಿಸಿದರು. ನಾನು ಸುಬೇದಾರನಾಗಿ ನಿವೃತ್ತನಾದೆ. ಊರಿಗೆ ಹೋದಾಗ ಜನ "ಸಾಹೇಬ್ರ" ಅನ್ನುತ್ತಾರೆ. ಒಳಗೆ ಚುಚ್ಚುತ್ತದೆ.

ಅವಧೂತನ ಊರು ಲೋಣಾವಳಾ ಎಂದು ನಿನಗೆ ನೆನಪಿರಬೇಕು. ಅವರಪ್ಪನದು ಚಿಕ್ಕಿ ಅಂಗಡಿ, ರಜೆ ಮುಗಿಸಿ ಬರುವಾಗ ನಮಗೆಲ್ಲ ಡಬ್ಬಿ ತರುತ್ತಿದ್ದ. ಪುಣೆಗೆ ಬಂದು ಆರು ವರ್ಷವಾಯಿತು, ಲೋಕಲ್ ರೈಲಿನಲ್ಲಿ ಒಂದೂವರೆ ತಾಸಿನ ದಾರಿ. ಒಮ್ಮೆಯೂ ಇಳಿದಿಲ್ಲ. ಮುಂಬಯಿಗೆ ಹೋಗುವಾಗ ಆ ಸ್ಟೇಷನ್ ಬಂದರೆ ಆಚೆ ಕಿಟಕಿಗೆ ಮುಖ ತಿರುಗಿಸುತ್ತೇನೆ. ಆರತಿ ಟೈಪ್ ಮಾಡಿ ಮುಗಿಸಿ, "ಪಪ್ಪಾ, ತಮ್ಮಯ್ಯ ಕಾಕಾಗ ಇಷ್ಟ ವರ್ಷ ನೀವು ದೀಪಾವಳಿಗೆ ಫೋನ್ ಹೆಂಗ ಮಾಡ್ತಿದ್ರಿ?" ಎಂದು ಕೇಳಿದಳು.

ಹೇಳಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ, ಮೂರು ಪ್ರತಿ. ತಾರೀಕಿಗೆ ನಾನೇ ಬರುತ್ತೇನೆ, ಬೇಡ ಎಂದರೂ ಬರುತ್ತೇನೆ. ನಿನ್ನ ಮನೆಯವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಶಾಲೆಯ ವ್ಯಾನಿನ ಕೀಲಿ ಆದಷ್ಟು ಬೇಗ ನಿನ್ನ ಕೈಗೆ ಬರಲಿ, ನೂರು ಮಕ್ಕಳು ನಿನ್ನನ್ನು ಡ್ರೈವರ್ ಅಂಕಲ್ ಎಂದು ಕೂಗಲಿ.

ನಿನ್ನ
ಹುಸೇನಪ್ಪ

ತಾ.ಕ.: ಹೇಳಿಕೆಯ ಕೊನೆಯ ಪ್ಯಾರಾವನ್ನು ಬೇರೆಯವರು ನಿನಗೆ ಓದಿ ಹೇಳುವ ಮೊದಲು ನಾನೇ ಹೇಳಿಬಿಡಬೇಕು. 'ತಕ್ಷಣ' ಎಂದು ಬರೆದಿದ್ದೀಯಲ್ಲ, ನಾಲ್ಕು ತಿಂಗಳು ನನ್ನನ್ನು ತಿಂದದ್ದು ಆ ಒಂದು ಮಾತು. ಫೋನ್ ಇಟ್ಟ ಕೂಡಲೇ ನಿನ್ನ 'ಹತ್ಲಾ' ಏನೆಂದು ನನಗೆ ಹೊಳೆದಿತ್ತು. ಮತ್ತೆ ತಿರುಗಿಸಲು ಫೋನಿನ ಹ್ಯಾಂಡಲ್ ಮೇಲೆ ಕೈ ಇಟ್ಟೆ. ಆಗ ಸಾಹೇಬರು ಚಹಾದ ಮಗ್ ಹಿಡಿದು ಒಳಗೆ ಬಂದರು. ಕನ್ನಡ ಮಾತಾಡಿದ್ದಕ್ಕೆ ಅದೇ ವಾರ ನನಗೆ ಎಚ್ಚರಿಕೆ ಕೊಟ್ಟಿದ್ದರು, ನನ್ನ ಹೆಸರು ಬಡ್ತಿಯ ಪಟ್ಟಿಯಲ್ಲಿತ್ತು. ಹಿಂದಿಯಲ್ಲಿ 'ರೋಕೋ' ಎಂದರೂ ಸಾಕಿತ್ತು, ಆದರೆ ಯಾಕೆ ಎಂದು ಅವರು ಕೇಳುತ್ತಿದ್ದರು. ಕುಡಿದು ಹೋಗಲಿ ಎಂದು ಕಾದೆ. ಗೋಡೆಯ ಗಡಿಯಾರ ನೋಡುತ್ತ ಕಾದೆ, ತಮ್ಮಯ್ಯ. ನಾಲ್ಕು ನಿಮಿಷ. ಲಾರಿಯ ಗಾಜು ಒರೆಸಿಕೊಂಡು ಹೊರಡುತ್ತೇನೆ ಎಂದು ಅವಧೂತ ಮೂರು ನಿಮಿಷ ನಿನ್ನ ಗೇಟಿನಲ್ಲೇ ನಿಂತಿದ್ದ ಎಂದು ವಿಚಾರಣೆಯಲ್ಲಿ ಹೇಳಿದವನು ನೀನು.