ನೀವು ಗುಡಿಸಿ ಹಾಕಿದ ವೈರಸ್‌ಗಳು

ರೀ,

ಕಾಲೇಜಿಗೆ ಹೊರಟೆ. ಎಬ್ಬಿಸಿದ್ದರೆ ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತಿದ್ದೆ, ಅದಕ್ಕೇ ಈ ಚೀಟಿ.

"ನಿನ್ ಲ್ಯಾಪ್‌ಟಾಪ್ ತುಂಬಾ ವೈರಸ್ ಇತ್ತು ಕಣೇ, ಎಲ್ಲಾ ಗುಡಿಸಿ ಹಾಕ್ದೆ" ಎಂದು ನಿನ್ನೆ ಹೆಮ್ಮೆಯಿಂದ ಹೇಳಿದಿರಲ್ಲ, ಆ ವೈರಸ್‌ಗಳೇ ನನ್ನ ಕೊನೆಯ ವರ್ಷದ ಪ್ರಾಜೆಕ್ಟ್. ಮಾಹಿತಿ ಭದ್ರತೆ ಓದುವವಳು ವೈರಸ್ ಸಾಕದೆ ಗಿಳಿ ಸಾಕುತ್ತಾಳೆಯೇ? ಅವು ಹೇಗೆ ನುಗ್ಗುತ್ತವೆ, ಹೇಗೆ ತಡೆಯಬೇಕು ಎಂದು ಐದು ತಿಂಗಳು ಕೂತು ಬರೆದದ್ದೂ ಅದೇ ಫೋಲ್ಡರಿನ ಜೊತೆ ಹೋಯಿತು. ಹನ್ನೊಂದು ಗಂಟೆಗೆ ಪರೀಕ್ಷಕರ ಮುಂದೆ ಬರಿಗೈಯಲ್ಲಿ ನಿಲ್ಲಬೇಕು. ಇನ್ನೊಂದು ಪ್ರತಿ ಇಟ್ಟುಕೊಳ್ಳದಿದ್ದದ್ದು ನನ್ನ ತಪ್ಪು, ಒಪ್ಪಿದೆ. ಮನೆಯವರಿಂದಲೂ ಕಾಪಾಡಿಕೊಳ್ಳಬೇಕು ಎಂದು ತೋಚಲೇ ಇಲ್ಲ.

ಉಪ್ಪಿನ ಡಬ್ಬಿ ಎಲ್ಲಿದೆ ಎಂದು ದಿನಕ್ಕೆ ಮೂರು ಸಲ ಕೇಳುವವರು ಇದನ್ನೊಂದು ಕೇಳಬಾರದಿತ್ತೇ?

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಉಪ್ಪು ಹಾಕಿಲ್ಲ. ಡಬ್ಬಿ ನೀವೇ ಹುಡುಕಿ.

ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬದಲಾಯಿಸಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನಿಮಗೆ ನೆನಪಾಗದ ನಮ್ಮ ಮದುವೆಯ ತಾರೀಕು, ಲ್ಯಾಪ್‌ಟಾಪ್ ತೆರೆಯುವುದಕ್ಕೆ ಮಾತ್ರ ತಟ್ಟನೆ ನೆನಪಾಯಿತು ನೋಡಿ. ಇನ್ನು ಅದು ಅಲ್ಲಿಗೂ ಬೇಕಾಗಿಲ್ಲ. ಆರಾಮಾಗಿ ಮರೆತುಬಿಡಿ.